ಕಾಗದದ ಲೋಟದ ಎಂಜಲು

ಶರಣರೇ, ತಾಯಂದಿರೇ, ಸ್ವಲ್ಪ ನೆಟ್ಟಗೆ ಕುಳಿತುಕೊಳ್ಳಿ. ಇಂದು ಕೈಗೆತ್ತಿಕೊಳ್ಳುವ ವಿಷಯ ಬಹಳ ಗಹನವಾದದ್ದು. ಶ್ರಾವಣ ಶುರುವಾದಾಗಿನಿಂದ ಮಾಯೆ ಎಂದರೇನು ಎಂದು ಕೇಳಿದಿರಿ, ಕರ್ಮ ಎಂದರೇನು ಎಂದು ಕೇಳಿದಿರಿ, ನಿನ್ನೆ ಸಂಜೆ ಜೀವನೂ ಶಿವನೂ ಒಂದೋ ಎರಡೋ ಎಂಬಲ್ಲಿಗೆ ತಂದು ನಿಲ್ಲಿಸಿದ್ದೆವು. ಜೀವ, ಶಿವ ಇಬ್ಬರೂ ಇನ್ನೊಂದು ದಿನ ಕಾದರೆ ಏನೂ ಕೆಡುವುದಿಲ್ಲ. ಇಂದಿನ ವಿಷಯ ಕಾಯುವಂಥದ್ದಲ್ಲ. ಇಂದಿನ ವಿಷಯ, ಕಾಗದದ ಲೋಟ.

ನಗಬೇಡಿ. ಹಿಂದಿನ ಸಾಲಿನವರು ಶಲ್ಯದ ಮರೆಯಲ್ಲಿ ನಗುತ್ತಿದ್ದೀರಿ, ಇಲ್ಲಿಗೆ ಕಾಣುತ್ತದೆ. ಮಾಯೆಯನ್ನು ನೀವು ಕಣ್ಣಿನಿಂದ ಕಂಡಿಲ್ಲ, ಕೈಯಿಂದ ಮುಟ್ಟಿಲ್ಲ. ಕಾಗದದ ಲೋಟವನ್ನು ಮುಟ್ಟಿದ್ದೀರಿ. ತುಟಿಗೆ ಹಚ್ಚಿದ್ದೀರಿ. ಮಾಯೆಗಿಂತ ಅದು ನಿಮಗೆ ಹತ್ತಿರದ್ದು, ಹೌದೋ ಅಲ್ಲವೋ?

ನಿನ್ನೆ ಪ್ರವಚನ ಮುಗಿದ ಮೇಲೆ ನಿಮಗೆಲ್ಲ ಬಾದಾಮಿ ಹಾಲು ಕೊಟ್ಟರು. ಹಾಲು ಯಾರ ಸೇವೆ ಎಂಬುದು ಎಲ್ಲರಿಗೂ ಗೊತ್ತು, ಮೈಕಿನಲ್ಲಿ ಹೆಸರು ಕೂಗಿದ್ದಾರೆ. ಲೋಟ ಎಲ್ಲಿಂದ ಬಂತು, ಗೊತ್ತೇ? ಅದನ್ನು ಯಾರೂ ಕೂಗಲಿಲ್ಲ. ಉಗ್ರಾಣದ ಮೂಲೆಯಲ್ಲಿ ಫಿನಾಯಿಲ್ ಡಬ್ಬ, ಕಸಬರಿಗೆ, ಇಲಿ ಕಡಿದ ಜಮಖಾನೆ, ಇವುಗಳ ನಡುವೆ ಬಾಯಿ ಬಿಟ್ಟುಕೊಂಡಿದ್ದ ಒಂದು ರಟ್ಟಿನ ಪೆಟ್ಟಿಗೆಯಿಂದ ಬಂತು. ಲೋಟಗಳನ್ನು ಮುಚ್ಚಿದ್ದ ಪ್ಲಾಸ್ಟಿಕ್ ಚೀಲವನ್ನು ಯಾರೋ ಉದ್ದಕ್ಕೂ ಸೀಳಿ ಹಾಕಿದ್ದರು. ಲೋಟಗಳು ಛಾವಣಿಗೆ ಮುಖ ಮಾಡಿ ಕುಳಿತು, ಮೇಲಿನಿಂದ ಬಿದ್ದದ್ದನ್ನೆಲ್ಲ ಮಹಾಪ್ರಸಾದವೆಂದು ಸ್ವೀಕರಿಸುತ್ತಿದ್ದವು. ಎರಡು ಲೋಟ ಅಂಟಿಕೊಂಡಿವೆ ಎಂದು ನಮ್ಮ ಗುರುಪಾದಪ್ಪನವರು ಉಫ್ ಎಂದು ಊದಿದರು. ಅಲ್ಲ ಗುರುಪಾದಪ್ಪನವರೇ, ಒಲೆ ಆರಿದಾಗ ಊದುತ್ತಾರೆ, ಹಾಲು ಬಿಸಿಯಾದಾಗ ಊದುತ್ತಾರೆ, ಇನ್ನೊಬ್ಬರು ಕುಡಿಯುವ ಖಾಲಿ ಲೋಟದೊಳಗೆ ಊದಲು ನಿಮಗೆ ಹೇಳಿದವರು ಯಾರು? ಇನ್ನೊಬ್ಬ ಸೇವಾಕರ್ತರು ಬೆರಳಿಗೊಂದರಂತೆ ಲೋಟ ಸಿಕ್ಕಿಸಿಕೊಂಡು, ಬೆರಳುಗಳಿಗೆ ಟೊಪ್ಪಿಗೆ ಹಾಕಿಸಿದಂತೆ, ಪೆಂಡಾಲಿನ ತುಂಬ ಓಡಾಡಿದರು. ಒಂದು ಲೋಟ ಚಪ್ಪಲಿ ಬಿಡುವ ಜಾಗದಲ್ಲಿ ಉರುಳಿತು. ಎತ್ತಿಕೊಂಡವರು ಧೋತರದ ಅಂಚಿಗೆ ಒರೆಸಿ ಮತ್ತೆ ಸಾಲಿಗೇ ಸೇರಿಸಿದರು. ಅದು ಯಾರ ಪಾಲಿಗೆ ಬಂತು? ಇಲ್ಲಿ ಕುಳಿತವರಲ್ಲೇ ಒಬ್ಬರು ಅದರಲ್ಲಿ ಕುಡಿದಿದ್ದೀರಿ. ಈಗ ಯಾರೂ ನಗುತ್ತಿಲ್ಲ, ನೋಡಿ.

ನಿನ್ನೆಯೇ ಹೇಳಬೇಕೆಂದಿತ್ತು. ಮಲಗಿ ಎದ್ದರೆ ಸಿಟ್ಟು ಇಳಿದೀತು ಎಂದು ಸುಮ್ಮನಾದೆವು. ಇಳಿದಿಲ್ಲ. ಆದ್ದರಿಂದ ಒಂದು ದೃಷ್ಟಾಂತ ಕೇಳಿ.

ಒಂದು ಊರು. ಊರೆಂದ ಮೇಲೆ ಅಲ್ಲೊಬ್ಬ ಶ್ರೀಮಂತ ಇರಲೇಬೇಕಲ್ಲ, ಇದ್ದ. ಹುಟ್ಟುವಾಗಲೇ ಶ್ರೀಮಂತನಲ್ಲ. ಮೊದಲು ಬಸ್ ಕಂಡಕ್ಟರ್ ಆಗಿದ್ದ. ಆಮೇಲೆ ಹಳೆಯ ಬಸ್ಸೊಂದನ್ನು ಕೊಂಡ, ಆ ಬಸ್ಸು ಇನ್ನೊಂದು ಬಸ್ಸು ತಂದಿತು, ಹೀಗೆ ಬೆಳೆದ. ಜನ ಅವನನ್ನು ಧಣಿ ಎನ್ನತೊಡಗಿದರು. ಅವನಿಗೂ ಮೊದಮೊದಲು ನಾಚಿಕೆಯಾಯಿತು, ಆಮೇಲೆ ರೂಢಿಯಾಯಿತು.

ಅವನನ್ನು ಸಾಕಿದವಳು ಅಕ್ಕ. ಮೊಲೆ ಬಿಡುವ ಮೊದಲೇ ತಾಯಿಯನ್ನು ಕಳೆದುಕೊಂಡ ಕೂಸು ಅವನು. ತಾನಿನ್ನೂ ಲಂಗ ತೊಡುವ ವಯಸ್ಸಿನಲ್ಲಿ ಅಕ್ಕ ಅವನನ್ನು ಸೊಂಟಕ್ಕೆ ಏರಿಸಿಕೊಂಡಳು. ರೊಟ್ಟಿಯನ್ನು ತನ್ನ ಬಾಯಲ್ಲಿ ಅಗಿದು ಮೆತ್ತಗೆ ಮಾಡಿ ತಿನ್ನಿಸಿದಳು. ಅವನು ಬೇಡವೆಂದು ಉಗುಳಿದ್ದನ್ನು ತಾನೇ ತಿಂದಳು. ಇಬ್ಬರ ನಡುವೆ ಎಂಜಲು ಎಂಬ ಶಬ್ದವೇ ಇರಲಿಲ್ಲ. ಮುಂದೆ ಅವಳು ಹತ್ತಿಯ ಜಿನ್ನಿಂಗ್ ಮಿಲ್ಲಿಗೆ ಕೂಲಿಗೆ ಹೋದಳು, ತಮ್ಮ ಶಾಲೆಗೆ ಹೋದ. ಅವನಿಗೆ ಅಕ್ಷರ ಹತ್ತಿತು, ಅವಳಿಗೆ ಕೆಮ್ಮು ಹತ್ತಿತು. ಕ್ಷಯ ಎಂದರು. ಸರ್ಕಾರಿ ದವಾಖಾನೆಯ ಗುಳಿಗೆಗಳನ್ನು ಒಂದು ದಿನವೂ ತಪ್ಪಿಸದೆ ನುಂಗಿದಳು, ಪೂರ್ತಿ ಗುಣವಾದಳು. ಇನ್ನು ಈಕೆಯಿಂದ ಯಾರಿಗೂ ಏನೂ ಆಗುವುದಿಲ್ಲ, ಎಲ್ಲರ ಜೊತೆ ಕುಳಿತು ಉಣ್ಣಲಿ ಎಂದು ಡಾಕ್ಟರು ತಮ್ಮನನ್ನೇ ಎದುರಿಗೆ ಕೂರಿಸಿಕೊಂಡು ಹೇಳಿದರು. ಅವನು ತಲೆಯಾಡಿಸಿದ. ಅಂದರೆ ಅವನಿಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಗೊತ್ತಿತ್ತು.

ಶ್ರೀಮಂತ ಹೊಸ ಮನೆ ಕಟ್ಟಿಸಿದ. ಗೃಹಪ್ರವೇಶದ ಶಾಂತಿಗೆ ಅಕ್ಕ ಬಂದಳು, ಉಳಿದುಕೊಂಡಳು. ನೀರು ಕೇಳಿದಾಗಲೆಲ್ಲ ಅವಳಿಗೆ ಒಂದೇ ಲೋಟದಲ್ಲಿ ನೀರು ಬರುತ್ತಿತ್ತು. ಚೆಂದದ ಲೋಟ, ಹೂವಿನ ಕೆತ್ತನೆಯದು. ಉಳಿದವರಿಗೆ ಸಾದಾ ಲೋಟ, ತನಗೆ ಮಾತ್ರ ಹೂವಿನದು, ತಮ್ಮನ ಹೆಂಡತಿ ಎಷ್ಟು ಮರ್ಯಾದೆಯವಳು ಎಂದು ಅಕ್ಕ ಒಳಗೊಳಗೇ ಹಿಗ್ಗಿದಳು. ಮರುದಿನ ಯಾರಿಗೂ ತೊಂದರೆ ಬೇಡವೆಂದು ನೀರು ಕುಡಿಯಲು ತಾನೇ ಅಡುಗೆಮನೆಗೆ ಹೋದಳು. ಲೋಟಗಳ ಸಾಲಿನಲ್ಲಿ ಹೂವಿನ ಲೋಟ ಇಲ್ಲ. ಹುಡುಕಿದಳು. ಹಿತ್ತಲ ಕಿಟಕಿಯ ಸರಳಿನಾಚೆ, ಹೊರಗಿನ ಕಟ್ಟೆಯ ಮೇಲೆ, ಒಂಟಿಯಾಗಿ ಕುಳಿತಿತ್ತು. ಮಗುಚಿ ನೋಡಿದಳು. ತಳಕ್ಕೆ ಉಗುರಿಗೆ ಹಚ್ಚುವ ಬಣ್ಣದಲ್ಲಿ ಕೆಂಪು ಬೊಟ್ಟು.

ಯಾರು ಇಟ್ಟರು ಎಂದು ಅವಳು ಕೇಳಲಿಲ್ಲ. ತಮ್ಮ ಬಾಗಿಲಲ್ಲಿ ನಿಂತಿದ್ದ. ಅವಳು ಅವನನ್ನು ನೋಡಿದಳು, ಅವನು ಹೊಸ ಟೈಲ್ಸನ್ನು ನೋಡಿದ. ಉತ್ತರ ಸಿಕ್ಕಿತು. ಚೀಲ ತಗೊಂಡಳು, ಹೊಸ್ತಿಲು ದಾಟಿದಳು, ತಿರುಗಿ ಒಂದು ಮಾತು ಹೇಳಿದಳು.

"ಇನ್ನ ಮ್ಯಾಲೆ ನಿನ್ನ ನೀರು ನನ್ನ ಗಂಟಲದಾಗ ಇಳಿಯೂದಿಲ್ಲ, ತಮ್ಮಾ."

ಒಂದು ಮನೆಯ ನೀರು ಬಿಡುವುದು ಎಂದರೆ ನಮ್ಮ ಕಡೆ ಏನು ಎಂದು ಹೇಳಬೇಕೆ? ಹೊಲದ ಬದುವಿಗೆ ಬಡಿದಾಡಿದವರು ಜಾತ್ರೆಯಲ್ಲಿ ಮಾತಾಡುತ್ತಾರೆ. ಕೋರ್ಟಿಗೆ ಹೋದವರು ಒಂದೇ ಗಾಡಿಯಲ್ಲಿ ಹೋಗಿ ಬರುತ್ತಾರೆ. ನೀರು ಬಿಟ್ಟವರು ಮಾತ್ರ ಹೊಸ್ತಿಲ ಆಚೆಗೇ ನಿಲ್ಲುತ್ತಾರೆ. ಅಕ್ಕ ನಿಂತಳು. ವರ್ಷಗಳು ಹೋದವು.

ಶ್ರೀಮಂತನ ಮಗಳು ಮದುವೆಯ ವಯಸ್ಸಿಗೆ ಬಂದಳು. ಒಳ್ಳೆಯ ಸಂಬಂಧ ಕೂಡಿತು. ಬೀಗರು ಮಾತುಕತೆಗೆ ಬಂದಾಗ, ಬೇರೇನೂ ಉದ್ದೇಶವಿಲ್ಲದೆ, ಹುಡುಗಿಯ ಸೋದರತ್ತೆ ಎಲ್ಲಿ ಕಾಣಲಿಲ್ಲವಲ್ಲ ಎಂದರು. ಅರಿಷಿಣ ಹಚ್ಚುವವಳು ಯಾರು, ಆರತಿ ಬೆಳಗುವವಳು ಯಾರು, ಉಡಿ ತುಂಬುವವಳು ಯಾರು? ಶ್ರೀಮಂತ ಏನೋ ಒಂದು ಹೇಳಿ ಮಾತು ತಿರುಗಿಸಿದ. ಆದರೆ ಅಂದಿನಿಂದ ಅವನಿಗೆ ಊಟ ರುಚಿಸಲಿಲ್ಲ. ಬೀಗರ ಎದುರು ಮರ್ಯಾದೆ ಹೋದೀತು ಎಂಬುದು ಒಂದು. ಅದು ಬಿಟ್ಟು ಇನ್ನೊಂದು ಇತ್ತು. ಮಗಳು ಅರಿಷಿಣ ಸೀರೆಯಲ್ಲಿ ಕುಳಿತಾಗ ಪಕ್ಕದಲ್ಲಿ ಅಕ್ಕ ಇಲ್ಲದಿದ್ದರೆ ಅದು ತನ್ನ ಮನೆಯ ಮದುವೆ ಅಂತಲೇ ಅನ್ನಿಸುವುದಿಲ್ಲ ಎಂದು ಅವನಿಗೆ ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಮನುಷ್ಯ ಪೂರ್ತಿ ಕೆಟ್ಟವನಲ್ಲ, ಕೇಳಿ. ಪೂರ್ತಿ ಕೆಟ್ಟವನಾಗಿದ್ದರೆ ಈ ಕಥೆ ಹೇಳುವ ಅಗತ್ಯವೇ ಇರಲಿಲ್ಲ. ಅಂಥವರು ನಮ್ಮ ಪ್ರವಚನಕ್ಕೆ ಬರುವುದಿಲ್ಲ. ಬರುವವರು ನಿಮ್ಮಂಥವರು.

ಕುಂಕುಮ, ಕಾಯಿ, ಕುಪ್ಪಸದ ಖಣ ಹಿಡಿದು ಅಕ್ಕನ ಬಾಗಿಲಿಗೆ ಹೋದ. ಅಕ್ಕ ಬಾ ಎಂದಳು, ಚಾಪೆ ಹಾಸಿದಳು, ತಾನು ಕುಡಿಯುವ ಲೋಟದಲ್ಲೇ ನೀರು ಕೊಟ್ಟಳು. ಅವನು ಒಂದು ಕ್ಷಣ ಲೋಟದ ಅಂಚು ನೋಡಿದ. ಆಮೇಲೆ ಕಣ್ಣು ಮುಚ್ಚಿ ಕುಡಿದ. ಆ ಒಂದು ಕ್ಷಣವನ್ನು ಅಕ್ಕ ನೋಡಿದಳು. ಮದುವೆಗೆ ಬರುತ್ತೇನೆ ಎಂದಳು. ಹುಡುಗಿಯದೇನು ತಪ್ಪು, ಅರಿಷಿಣವನ್ನೂ ಹಚ್ಚುತ್ತೇನೆ, ಆರತಿಯನ್ನೂ ಬೆಳಗುತ್ತೇನೆ, ನೀರಿನ ಮಾತು ಮಾತ್ರ ಎತ್ತಬೇಡ ಎಂದಳು.

ಆದರೆ ಅವನಿಗೆ ಬೇಕಾಗಿದ್ದದ್ದೇ ನೀರಿನ ಮಾತು. ಅಕ್ಕ ಬಂದು ನೀರು ಕುಡಿಯದೆ ಹೋದರೆ ಬಾರದೆ ಇದ್ದದ್ದಕ್ಕಿಂತ ಕೆಟ್ಟದ್ದು, ಅದು ಅವನಿಗೆ ಗೊತ್ತು. ಅದಕ್ಕೆ ಒಂದು ಉಪಾಯವನ್ನೂ ಮಾಡಿಕೊಂಡೇ ಬಂದಿದ್ದ.

"ಮದಿವ್ಯಾಗ ಸ್ಟೀಲಿನ ಲೋಟಾನ ಇಡಂಗಿಲ್ಲ ಅಕ್ಕಾ. ಎಲ್ಲಾ ಕಾಗದದ್ದು. ಕುಡಿಯೂದು, ಒಗಿಯೂದು. ಯಾರ ಲೋಟಾ ಯಾರಿಗೂ ಬ್ಯಾರೆ ಇರಂಗಿಲ್ಲ."

ಅಕ್ಕ ಖಣದ ಅಂಚನ್ನು ಬೆರಳಿನಲ್ಲಿ ತೀಡಿದಳು. ಆಮೇಲೆ ಹೇಳಿದಳು.

"ಎಲ್ಲಾರಿಗೂ ಒಂದ ಇದ್ರ ಕುಡೀತೀನಿ."

ನೋಡಿ, ಅಲ್ಲಿ ಅವನು ಏನು ಹೇಳಬೇಕಾಗಿತ್ತು? ತಪ್ಪಾಯಿತು ಅಕ್ಕಾ ಎನ್ನಬೇಕಾಗಿತ್ತು. ಎರಡು ಮಾತು. ಅದಕ್ಕೆ ಖರ್ಚಿಲ್ಲ, ವಾಹನ ಬೇಡ, ಗೋದಾಮು ಬೇಡ. ಅವನು ಹೇಳಲಿಲ್ಲ. ಪೇಟೆಗೆ ಹೋಗಿ ಲೋಟ ಕೊಂಡ.

ಲೋಟ ಕೊಳ್ಳುವುದರಲ್ಲಿ ಮಾತ್ರ ಅವನು ಕಡಿಮೆ ಮಾಡಲಿಲ್ಲ. ತೆಳ್ಳಗಿನದು ಬೇಡ, ದಪ್ಪನೆಯದು ಬೇಕು, ಹೂವಿನ ಚಿತ್ರ ಬೇಡ, ಅಚ್ಚ ಬಿಳಿಯದೇ ಬೇಕು. ಅಂಗಡಿಯವನು ಇನ್ನೊಂದು ಸಾಮಾನು ತೋರಿಸಿದ. ಉದ್ದ ಕೊಳವೆಯಂಥದ್ದು, ಗೋಡೆಗೆ ನಿಲ್ಲಿಸುವುದು. ಲೋಟಗಳನ್ನು ಬಾಯಿ ಮೇಲಾಗಿ ಅದರೊಳಗೆ ಇಳಿಸಿ ಮುಚ್ಚಳ ಹಾಕಿದರೆ ಧೂಳು ಕೂರುವುದಿಲ್ಲ, ಬೇಕಾದವರು ಕೆಳಗಿನಿಂದ ತಳ ಹಿಡಿದು ಒಂದನ್ನು ಎಳೆದುಕೊಳ್ಳಬಹುದು, ಯಾರ ಕೈಯೂ ಇನ್ನೊಬ್ಬರ ಲೋಟಕ್ಕೆ ತಾಗುವುದಿಲ್ಲ. ಶ್ರೀಮಂತ ಅದನ್ನು ಹಿಂದಕ್ಕೆ ತಳ್ಳಿದ. ಕೊಳವೆ ನೀರು ಕೊಟ್ಟರೆ ಪುಣ್ಯ ಕೊಳವೆಗೆ ಹೋಗುತ್ತದೆ, ನನ್ನ ಮಗಳ ಮದುವೆಯಲ್ಲಿ ಪ್ರತಿಯೊಬ್ಬರಿಗೂ ನನ್ನ ಕೈಯಾರೆ ಕೊಡುತ್ತೇನೆ ಎಂದ.

ಕೈಯಾರೆ! ಈ ಒಂದು ಮಾತಿನಿಂದ ನಮ್ಮ ನಾಡಿನಲ್ಲಿ ಎಷ್ಟು ಹೊಟ್ಟೆ ಕೆಟ್ಟಿವೆಯೋ ಯಾರಿಗೂ ಗೊತ್ತಿಲ್ಲ. ದಾನ ಮಾಡಬೇಕು, ಅದೂ ನಮ್ಮ ಕೈಯಿಂದಲೇ ಆಗಬೇಕು, ನಾಲ್ಕು ಜನ ನೋಡುವಂತೆ ಆಗಬೇಕು. ಆ ಕೈ ಅದಕ್ಕೆ ಮೊದಲು ಎಲ್ಲೆಲ್ಲಿ ಇತ್ತು ಎಂದು ಕೇಳಿದರೆ ಅದು ಅಪಚಾರ.

ಮನೆಗೆ ತಂದ ಪೆಟ್ಟಿಗೆಗಳನ್ನು ಬೆಳ್ಳಿ ಸಾಮಾನಿನ ಕೋಣೆಯಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಹೆಂಡತಿ ಒಂದು ಕಟ್ಟು ಕೇಳಿದರೆ ಸ್ನಾನವಾಗಿದೆಯೇ ಎಂದು ಕೇಳಿದ. ಅದಕ್ಕೆ ಆಕೆ ಏನು ಉತ್ತರ ಕೊಟ್ಟಳೋ ಅದು ಪ್ರವಚನದಲ್ಲಿ ಹೇಳುವಂಥದ್ದಲ್ಲ. ಕಲ್ಯಾಣ ಮಂಟಪಕ್ಕೆ ಪೆಟ್ಟಿಗೆ ಹೊತ್ತು ತಂದವರ ಹಿಂದೆಯೇ ತಾನೂ ನಡೆದು ಬಂದ, ಮೆರವಣಿಗೆಯ ಪಲ್ಲಕ್ಕಿಯ ಹಿಂದೆ ಬಂದ ಹಾಗೆ. ಅಡುಗೆಯವನು ಸಾರಿನ ಉಪ್ಪು ನೋಡಲು ಒಂದು ಲೋಟ ತೆಗೆದನೆಂದು ಅವನಿಗೆ ಮಂಗಳಾರತಿ ಎತ್ತಿದ. ಅಡಿಕೆ ಚೂರು ಹಾಕಿಕೊಳ್ಳಲು ಒಂದು ಲೋಟ ಕೇಳಿದ ಬೀಗರ ಕಡೆಯ ಮುದುಕರಿಗೆ ಇಲ್ಲವೆಂದ. ಪೆಟ್ಟಿಗೆಯ ಮೇಲೆ ಹೊಸ ಟವೆಲ್ ಹೊದಿಸಿದ. ನೊಣ ಬಂದರೆ ಶಲ್ಯ ಬೀಸಿದ. ಇಡೀ ಜಗತ್ತಿನ ಕೈಯಿಂದ ಆ ಲೋಟಗಳನ್ನು ಕಾಪಾಡಿದ, ಶರಣರೇ. ಇದರಲ್ಲಿ ಅವನಿಗೆ ಪೂರ್ತಿ ಅಂಕ ಕೊಡಬೇಕು.

ಮದುವೆಯ ದಿನ ಬಂತು. ಅಕ್ಕ ಬಂದಳು. ಅರಿಷಿಣವಾಯಿತು, ಆರತಿಯಾಯಿತು, ಅಕ್ಕಿಕಾಳು ಬಿದ್ದವು. ಮದುಮಗಳು ಅತ್ತೆಯ ಕೈ ಹಿಡಿದವಳು ಬಿಡಲೇ ಇಲ್ಲ. ಶ್ರೀಮಂತ ದೂರದಿಂದ ನೋಡಿ ಕಣ್ಣು ಒರೆಸಿಕೊಂಡ. ಇನ್ನೊಂದೇ ಒಂದು ಲೋಟ ನೀರು, ಅಷ್ಟಾದರೆ ಮುಗಿಯಿತು ಎಂದುಕೊಂಡ.

ಊಟದ ಹಾಲಿನ ಬಾಗಿಲಲ್ಲಿ ಮೇಜು ಹಾಕಿಸಿ, ನೀರಿನ ಡ್ರಮ್ಮು ಪಕ್ಕದಲ್ಲಿರಿಸಿ, ರೇಷ್ಮೆ ಜುಬ್ಬಾ ತೊಟ್ಟು ತಾನೇ ನಿಂತ. ಜನ ಸಾಲುಗಟ್ಟಿದರು. ಮೊದಲ ಕಟ್ಟನ್ನು ಒಡೆದ. ಬೇಸಿಗೆಯ ಸೆಕೆ, ಬೀಗ ಹಾಕಿದ ಕೋಣೆಯಲ್ಲಿ ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಒತ್ತಿಟ್ಟದ್ದು, ಲೋಟಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಅಲುಗಾಡಿಸಿದ, ಬಿಡಲಿಲ್ಲ. ಮೇಜಿಗೆ ಕುಟ್ಟಿದ, ಬಿಡಲಿಲ್ಲ. ಸಾಲಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಆಗ ಏನಾಯಿತು ಕೇಳಿ. ಅವನ ಬಲಗೈಯ ಹೆಬ್ಬೆರಳು ತಾನಾಗಿ ಮೇಲಕ್ಕೆ ಹೋಯಿತು, ನಾಲಿಗೆಯನ್ನು ಮುಟ್ಟಿತು, ಕೆಳಗೆ ಬಂದು ಲೋಟದ ಅಂಚಿಗೆ ತಾಗಿತು. ಲೋಟ ಸರಕ್ಕನೆ ಬಿಟ್ಟಿತು.

ಕಂಡಕ್ಟರ್ ಆಗಿದ್ದಾಗಿನ ರೂಢಿ. ಆಗಿನ ಟಿಕೆಟ್ಟು ತೆಳ್ಳನೆಯ ಕಾಗದದ್ದು, ಒಂದು ಹರಿಯಲು ಹೋದರೆ ಎರಡು ಬರುತ್ತಿದ್ದವು, ಆದ್ದರಿಂದ ನಾಲಿಗೆ, ಟಿಕೆಟ್ಟು, ನಾಲಿಗೆ, ಟಿಕೆಟ್ಟು. ಬಸ್ಸುಗಳು ಬಂದವು, ಧಣಿ ಎಂಬ ಹೆಸರು ಬಂತು, ಹೆಬ್ಬೆರಳಿಗೆ ಮಾತ್ರ ಅದನ್ನು ಯಾರೂ ತಿಳಿಸಿರಲಿಲ್ಲ. ಅದು ಇನ್ನೂ ಡ್ಯೂಟಿಯಲ್ಲೇ ಇತ್ತು.

ನಾಲಿಗೆ, ಲೋಟ, ನೀರು. ನಾಲಿಗೆ, ಲೋಟ, ನೀರು. ಬೀಗರಿಗೆ ಕೊಟ್ಟ, ಊರ ಹಿರಿಯರಿಗೆ ಕೊಟ್ಟ, ಬಾಣಂತಿಯೊಬ್ಬಳಿಗೆ ಕೊಟ್ಟ, ಮದುವೆ ಮಾಡಿಸಿದ ಅಯ್ಯನವರಿಗೆ ಕೊಟ್ಟ. ತಳ ಹಿಡಿದು ಕೊಟ್ಟನೇ? ಇಲ್ಲ. ಬೆರಳು ಒಳಗೆ, ಹೆಬ್ಬೆರಳು ಅಂಚಿನ ಮೇಲೆ. ಅಂಚು ಎಂದರೇನು, ತಾಯಂದಿರೇ? ಕುಡಿಯುವವರ ತುಟಿ ಕೂರುವ ಜಾಗ. ಹಸಿ ಹೆಬ್ಬೆರಳು ಎದ್ದ ಜಾಗದಲ್ಲಿ ಬೀಗರ ತುಟಿ ಕುಳಿತಿತು. ಎಲ್ಲರೂ ಕೈಮುಗಿದು ಕುಡಿದರು, ಎಷ್ಟು ಸ್ವಚ್ಛ ವ್ಯವಸ್ಥೆ ಧಣಿ, ಹಳೆಯ ಎಂಜಲು ಲೋಟದ ಕಾಟವೇ ಇಲ್ಲ ಎಂದು ಹೊಗಳಿದರು. ಶ್ರೀಮಂತನ ಎದೆ ಉಬ್ಬಿತು. ಕಣ್ಣು ಮಾತ್ರ ಸಾಲಿನ ಕೊನೆಯಲ್ಲಿ ಅಕ್ಕನನ್ನು ಹುಡುಕುತ್ತಿತ್ತು.

ಅಕ್ಕ ಸಾಲಿನಲ್ಲಿದ್ದಳು. ಹೆಣ್ಣುಮಕ್ಕಳ ನಡುವೆ ನಿಂತು ಒಂದೊಂದೇ ಹೆಜ್ಜೆ ಮುಂದೆ ಬರುತ್ತಿದ್ದಳು. ಎಲ್ಲರಿಗೂ ಒಂದೇ ಎಂದು ತಮ್ಮ ಹೇಳಿದ್ದನಲ್ಲ, ಅದು ನಿಜವೇ ಎಂದು ನೋಡುತ್ತಿದ್ದಳು. ನಿಜವಾಗಿತ್ತು. ಎಲ್ಲರಿಗೂ ಒಂದೇ ಕಟ್ಟಿನಿಂದ, ಒಂದೇ ಬಿಳಿ ಲೋಟ, ಒಂದೇ ಹೆಬ್ಬೆರಳು.

ಅವಳ ಸರದಿ ಬಂತು. ಶ್ರೀಮಂತನ ಮುಖ ಅರಳಿತು. ತಡಿ ಅಕ್ಕಾ, ನಿನಗೆ ಹೊಸ ಕಟ್ಟು ಒಡೆಯುತ್ತೇನೆ ಎಂದು ಬಗ್ಗಿದ. ನೋಡಿ ಇವನ ಪ್ರೀತಿಯನ್ನು. ಅಷ್ಟು ವರ್ಷ ದೂರವಾದದ್ದು ಯಾತಕ್ಕೆ ಎಂಬುದೂ ಅವನಿಗೆ ಹೊಳೆದಿರಲಿಲ್ಲ. ಆದರದಲ್ಲೂ ಅವಳಿಗೆ ಬೇರೆ ಲೋಟ!

ಬೇಡ ಎಂದಳು ಅಕ್ಕ. ಎಲ್ಲರಿಗೂ ಕೊಟ್ಟದ್ದನ್ನೇ ತನಗೂ ಕೊಡು ಎಂದಳು.

ಅವನಿಗೆ ಸ್ವರ್ಗ ಸಿಕ್ಕಿದಂತಾಯಿತು. ಅದೇ ಕಟ್ಟಿಗೆ ಕೈ ಹಾಕಿದ. ಲೋಟ ಬಿಡಲಿಲ್ಲ. ಹೆಬ್ಬೆರಳು ಮೇಲಕ್ಕೆ ಹೋಯಿತು, ನಾಲಿಗೆಗೆ ತಾಗಿತು, ಅಂಚಿಗೆ ಬಂತು. ನೀರು ತುಂಬಿ, ಎರಡೂ ಕೈಯಲ್ಲಿ ಹಿಡಿದು, ತಲೆ ಬಾಗಿಸಿ ಅಕ್ಕನ ಮುಂದೆ ಚಾಚಿದ.

ಅಕ್ಕ ತೆಗೆದುಕೊಳ್ಳಲಿಲ್ಲ.

ಯಾಕೆ ಎಂದು ಕೇಳಿದ. ಹೆಬ್ಬೆರಳು ನೋಡಿಕೊ ಎಂದಳು. ನೋಡಿಕೊಂಡ. ಒದ್ದೆಯಾಗಿ ಹೊಳೆಯುತ್ತಿತ್ತು. ಅದು ಅಲ್ಲಿಗೆ ಹೇಗೆ ಬಂತು ಎಂಬಂತೆ ನೋಡಿದ. ಆಮೇಲೆ ಗೊತ್ತಾಯಿತು. ಮೆಲ್ಲಗೆ ಜುಬ್ಬಾಕ್ಕೆ ಒರೆಸಿಕೊಂಡ. ಸಾಲಿನಲ್ಲಿದ್ದವರಿಗೂ ಗೊತ್ತಾಯಿತು. ಕುಡಿಯುತ್ತಿದ್ದ ಬೀಗರೊಬ್ಬರು ಲೋಟವನ್ನು ತುಟಿಯಿಂದ ಇಳಿಸಿ, ಯಾರಿಗೂ ಕಾಣದಂತೆ ಕುರ್ಚಿಯ ಕೆಳಗಿಟ್ಟರು.

"ನಿನ್ನ ಎಂಜಲಾ ನನಗ ಹೊಸಾದಲ್ಲ," ಎಂದಳು ಅಕ್ಕ, ಅವನಿಗಷ್ಟೇ ಕೇಳುವಂತೆ. "ಸಣ್ಣಾಂವ ಇದ್ದಾಗ ಬೇಕಾದಷ್ಟು ಉಂಡೀನಿ. ಈ ಮಂದೀನ ಕೇಳೀಯೇನು ನೀ?"

ಶ್ರೀಮಂತನಿಗೆ ಅವಮಾನವಾಯಿತು. ಅವಮಾನವಾದಾಗ ಮನುಷ್ಯ ಏನು ಮಾಡುತ್ತಾನೆ? ತಪ್ಪಾಯಿತು ಎನ್ನುತ್ತಾನೆಯೇ? ಇಲ್ಲ. ತನ್ನ ಪರವಾಗಿ ವಕೀಲಿ ಮಾಡುತ್ತಾನೆ.

"ನನಗೇನ ರೋಗ ಐತೇನ ಅಕ್ಕಾ?"

"ನನಗೂ ಇರಲಿಲ್ಲ, ತಮ್ಮಾ."

ಕಥೆಯನ್ನು ಇಲ್ಲಿ ಸ್ವಲ್ಪ ನಿಲ್ಲಿಸೋಣ. ಅಕ್ಕ ಆಮೇಲೆ ಏನು ಮಾಡಿದಳು ಎಂದು ನಿಮಗೆ ಕುತೂಹಲ, ಗೊತ್ತು. ಅದಕ್ಕೂ ಮೊದಲು ನಿಮ್ಮದೊಂದಿಷ್ಟು ಮಾತಾಡುವುದಿದೆ.

ಆ ಶ್ರೀಮಂತ ಯಾರು? ಯಾವ ಊರಿನವನು ಎಂದು ಪಕ್ಕದವರ ಮುಖ ನೋಡಬೇಡಿ. ಇನ್ನೊಬ್ಬರ ಬಾಯಿ ಎಂದರೆ ಎಂಜಲು, ತನ್ನ ಬಾಯಿ ಎಂದರೆ ತೀರ್ಥ, ಹೀಗೆ ತಿಳಿದವರೆಲ್ಲ ಅವನೇ. ಇನ್ನೊಬ್ಬರು ಮುಟ್ಟಿದರೆ ಮೈಲಿಗೆ, ತಾನು ಮುಟ್ಟಿದರೆ ಸೇವೆ! ಲೋಟ ಹೊಸದು, ಯಾರೂ ಕುಡಿದಿಲ್ಲ, ಆದ್ದರಿಂದ ಶುದ್ಧ ಎನ್ನುತ್ತೀರಿ. ಕುಡಿದಿಲ್ಲ, ಒಪ್ಪಿದೆವು. ಊದಿದ್ದೀರಿ, ನೆಕ್ಕಿದ್ದೀರಿ, ಬೆರಳು ಅದ್ದಿದ್ದೀರಿ, ಚಪ್ಪಲಿಯ ಪಕ್ಕ ಉರುಳಿಸಿದ್ದೀರಿ. ಕುಡಿಯುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದ್ದೀರಿ. ಒಬ್ಬರು ಕುಡಿದ ಲೋಟವನ್ನಾದರೂ ಬೂದಿ ಹಾಕಿ ತಿಕ್ಕಿ ತೊಳೆಯುತ್ತಿದ್ದರು ನಮ್ಮ ಹಿರಿಯರು. ಇದನ್ನು ಯಾರೂ ತೊಳೆಯುವುದಿಲ್ಲ, ಏಕೆಂದರೆ ಇದು ಶುದ್ಧ!

ಇನ್ನೊಂದು ಮಾತು. ನಿಮ್ಮ ಮನೆ ಕೆಲಸದಾಕೆಗೆ ಚಹಾ ಯಾವುದರಲ್ಲಿ ಕೊಡುತ್ತೀರಿ? ಮೊದಲು ಕಿಟಕಿಯ ಹೊರಗೆ ಒಂದು ಲೋಟ ಇಡುತ್ತಿದ್ದಿರಿ, ಆಮೇಲೆ ಅದು ಚೆನ್ನಾಗಿ ಕಾಣುವುದಿಲ್ಲ ಎಂದು ನಾಚಿಕೆಯಾಯಿತು. ಈಗ ಸುಧಾರಿಸಿದ್ದೀರಿ. ಕಾಗದದ ಲೋಟದ ಕಟ್ಟು ತರಿಸಿ ಇಟ್ಟಿದ್ದೀರಿ. ಮನೆಯವರಿಗೆ ಸ್ಟೀಲು, ಆಕೆಗೆ ಕಾಗದ. ಕೇಳಿದರೆ ಸ್ವಚ್ಛತೆ ಎನ್ನುತ್ತೀರಿ. ಆ ಕಟ್ಟು ಎಲ್ಲಿದೆ? ಬಚ್ಚಲಿನ ಹೊರಗೆ, ಸೋಪಿನ ಪುಡಿಯ ಪಕ್ಕದಲ್ಲಿ, ಜೇಡ ಬಲೆ ಕಟ್ಟಿದ ಗೂಡಿನಲ್ಲಿ. ಅದೇ ಸ್ವಚ್ಛತೆಯಾದರೆ ನೀವೇ ಅದರಲ್ಲಿ ಒಂದು ದಿನ ಚಹಾ ಕುಡಿಯಿರಿ ನೋಡೋಣ. ಕುಡಿಯುವುದಿಲ್ಲ. ಏಕೆ? ನಿಮಗೆ ಗೊತ್ತಿದೆ. ಆ ಶ್ರೀಮಂತನಿಗೆ ಗೊತ್ತಿದ್ದ ಹಾಗೆಯೇ ಗೊತ್ತಿದೆ.

ಆದ್ದರಿಂದ ನಾಳೆಯಿಂದ ಏನು ಮಾಡಬೇಕು ಎಂಬುದನ್ನು ಬಿಡಿಸಿ ಹೇಳುತ್ತೇವೆ, ಏಕೆಂದರೆ ಸೂಚ್ಯವಾಗಿ ಹೇಳಿದರೆ ಅದು ಪಕ್ಕದವರಿಗೆ ಹೇಳಿದ್ದು ಎಂದುಕೊಳ್ಳುವ ಕಲೆ ನಿಮಗೆ ಕರಗತವಾಗಿದೆ. ಉಗ್ರಾಣದಲ್ಲಿ ಫಿನಾಯಿಲ್ ಒಂದು ಕಡೆ, ಲೋಟ ಇನ್ನೊಂದು ಕಡೆ. ನೆಲದ ಮೇಲೆ ಬೇಡ, ಒಣಗಿದ ಎತ್ತರದ ಜಾಗ, ಮುಚ್ಚಳವಿರುವ ಡಬ್ಬ. ಚೀಲವನ್ನು ಮೀನು ಸೀಳಿದಂತೆ ಸೀಳಬೇಡಿ, ಒಂದು ತುದಿಯನ್ನು ಕತ್ತರಿಸಿ, ಅದೂ ಲೋಟದ ತಳವಿರುವ ಕಡೆಯ ತುದಿಯನ್ನು, ಬೇಕಾದಷ್ಟು ತೆಗೆದು ಉಳಿದದ್ದನ್ನು ಕಟ್ಟಿಡಿ. ಹೊರಗೆ ಇಟ್ಟರೆ ಬಾಯಿ ಕೆಳಗಾಗಿ ಇಡಿ. ಹಂಚುವವರು ಮೊದಲು ಸೋಪು ಹಚ್ಚಿ ಕೈ ತೊಳೆಯಲಿ, ಆಮೇಲೆ ಪುಣ್ಯ ಸಂಪಾದಿಸಲಿ. ತಳ ಹಿಡಿದು ತೆಗೆಯಿರಿ, ತಳ ಹಿಡಿದು ಕೊಡಿ, ಅಂಚು ಕುಡಿಯುವವರದು. ಬೆರಳಿಗೆ ಟೊಪ್ಪಿಗೆ ಹಾಕುವ ಆಟ ಇಂದಿಗೆ ಮುಗಿಯಿತು. ಬಿದ್ದದ್ದು ಬಿತ್ತು, ಅದು ಕಸದ ಬುಟ್ಟಿಗೆ, ಧೋತರಕ್ಕಲ್ಲ. ಮುಂದೆ ಕುಳಿತ ಪಾರವ್ವಾಯಿ ಕೇಳುತ್ತಿದ್ದಾರೆ, ಲೋಟ ಕಚ್ಚಿಕೊಂಡರೆ ಏನು ಮಾಡಬೇಕು ಎಂದು. ಒಳ್ಳೆಯ ಪ್ರಶ್ನೆ, ಇಷ್ಟು ದಿನದಲ್ಲಿ ನೀವು ಕೇಳಿದ ಪ್ರಶ್ನೆಗಳಲ್ಲೆಲ್ಲ ಒಳ್ಳೆಯದು. ತಳ ಹಿಡಿದು ಒಂದನ್ನು ಆ ಕಡೆ, ಇನ್ನೊಂದನ್ನು ಈ ಕಡೆ ತಿರುವಿ. ಬಿಡದಿದ್ದರೆ ಎರಡನ್ನೂ ಸೇರಿಸಿಯೇ ಕೊಡಿ ತಾಯಿ. ಇನ್ನೊಂದು ಲೋಟ ಹೋದರೆ ಮಠವೇನೂ ಮುಳುಗುವುದಿಲ್ಲ. ಊದಬೇಡಿ. ನೆಕ್ಕಬೇಡಿ. ಗುರುಪಾದಪ್ಪನವರೇ, ಊದಬೇಡಿ. ಮತ್ತೆ ಆ ಕೊಳವೆಯಂಥ ಸಾಮಾನು ಹೇಳಿದೆವಲ್ಲ, ಅದನ್ನು ನಮ್ಮ ದಾಸೋಹಕ್ಕೆ ಯಾರಾದರೂ ಕೊಡಿಸುವುದಾದರೆ ಕೊಡಿಸಿ. ಮೈಕಿನಲ್ಲಿ ಹೆಸರು ಕೂಗಿಸುವುದಿಲ್ಲ.

ಮನೆಗೆ ಹೋದ ಮೇಲೆ ಆ ಬೇರೆ ಇಟ್ಟ ಲೋಟವನ್ನು ತೆಗೆಯಿರಿ. ಕಾಗದದ್ದಾಗಿರಲಿ, ಸ್ಟೀಲಿನದಾಗಿರಲಿ, ಹೂವಿನ ಕೆತ್ತನೆಯದಾಗಿರಲಿ. ನೀವು ಕುಡಿಯುವ ಲೋಟಗಳಲ್ಲೇ ಒಂದರಲ್ಲಿ ನಾಳೆ ಬೆಳಿಗ್ಗೆ ಆಕೆಗೆ ಚಹಾ ಕೊಡಿ. ಕೊಟ್ಟು, ತಪ್ಪಾಯಿತು ಎನ್ನಿ. ಆ ಮಾತನ್ನು ಪೇಟೆಯಲ್ಲಿ ಮಾರುವುದಿಲ್ಲ, ಕಟ್ಟಿನಲ್ಲಿ ಬರುವುದಿಲ್ಲ. ಶ್ರೀಮಂತ ಅದೊಂದನ್ನು ಹೇಳದೆ ಉಳಿದೆಲ್ಲವನ್ನೂ ಮಾಡಿ ನೋಡಿದ.

ಅಕ್ಕನ ವಿಷಯ ಉಳಿಯಿತು. ಅವಳು ಒಳಗೆ ಹೋಗಿ ಮದುಮಗಳ ಉಡಿ ತುಂಬಿದಳು. ಹರಸಿದಳು. ಹೊರಗೆ ಬಿಸಿಲಿತ್ತು. ನೀರು ಕುಡಿಯದೆ ಊರಿಗೆ ಹೋದಳು.